ಗೊದಮೊಟ್ಟೆಗಳನ್ನು ಉಳಿಸಲು ಗೊದಮೊಟ್ಟೆಗಳನ್ನೇ ಕೊಲ್ಲಬೇಕೇ?

ಕಾಗಿಣಾ ಮಾಸ್ತರ (ಚಿತ್ತಾಪುರ ತಾಲ್ಲೂಕು)
ಜುಲೈ 8, ರಾತ್ರಿ 8.40

ಒಂದು ಪ್ರಶ್ನೆಗೆ ಉತ್ತರ ಕೊಡಲಾಗದೆ ಮೂರು ದಿನಗಳಿಂದ ಒದ್ದಾಡುತ್ತಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

ಮಿರಗದ ಮಳೆಗೆ ನಮ್ಮ ಶಾಲೆಯ ಹಿಂದಿನ ತಗ್ಗಿನಲ್ಲಿ ನೀರು ನಿಂತಿತು. ಎಂಟನೆಯ ತರಗತಿಯ ಮಕ್ಕಳು ಅಲ್ಲಿಂದ ಏಳು ಗೊದಮೊಟ್ಟೆಗಳನ್ನು ಉಪ್ಪಿನಕಾಯಿಯ ಗಾಜಿನ ಬರಣಿಯಲ್ಲಿ ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಾರೆ. ಐದಕ್ಕೆ ಹಿಂಗಾಲು ಮೂಡಿವೆ. ಬಾಲದ ಬುಡದಲ್ಲಿ ಮೊದಲು ಸಾಸಿವೆ ಕಾಳಿನಷ್ಟು ಗಂಟು ಕಾಣುತ್ತದೆ. ಆಮೇಲೆ ಅದು ಉದ್ದವಾಗಿ ತುದಿಯಲ್ಲಿ ಬೆರಳೊಡೆಯುತ್ತದೆ. ಇದನ್ನೆಲ್ಲ ನಡೆಸುವುದು ಥೈರಾಯ್ಡ್ ಹಾರ್ಮೋನು ಎಂದು ಪಾಠ ಹೇಳಿದೆ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ಚೂರುಗಳನ್ನು ತಿನ್ನಿಸಿದಾಗ ಅವು ಬೆಳೆಯುವ ಮೊದಲೇ ಪುಟ್ಟ ಕಪ್ಪೆಗಳಾಗಿಬಿಟ್ಟ ಕಥೆಯನ್ನೂ ಹೇಳಿದೆ. ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಹಾಕುತ್ತವೆ, ಕೆಲವು ಅದರ ದಾರಿಗೆ ಅಡ್ಡ ನಿಲ್ಲುತ್ತವೆ ಎಂದೂ ಸೇರಿಸಿದೆ.

ಆಗ ಒಬ್ಬ ಹುಡುಗಿ ಎದ್ದು ನಿಂತಳು. ಮನೆಯವರು ತೊಗರಿ ಬೆಳೆಯುತ್ತಾರೆ. "ಸರ್, ಹುಳ ಸಾಯಲೆಂದು ಹೊಲಕ್ಕೆ ಹೊಡೆಯುವ ಎಣ್ಣೆ ಇಲ್ಲಿಗೆ ಹರಿದು ಬಂದರೆ ಇವಕ್ಕೆ ಕಾಲು ಬರುವುದಿಲ್ಲವೇ?" ಅದನ್ನು ಮೊದಲೇ ಪರೀಕ್ಷೆ ಮಾಡುತ್ತಾರಮ್ಮ ಎಂದೆ. "ಹೇಗೆ?" ಗೊದಮೊಟ್ಟೆಗಳನ್ನು ಅದೇ ರಾಸಾಯನಿಕದ ನೀರಿನಲ್ಲಿ ಬಿಟ್ಟು ನೋಡುತ್ತಾರೆ ಎಂದೆ. "ಆಮೇಲೆ?" ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕೊಂದು, ಕೊಯ್ದು ನೋಡುತ್ತಾರೆ ಎಂದೆ. ಹುಡುಗಿ ಬರಣಿಯ ಕಡೆ ನೋಡಿದಳು. "ಹಾಗಾದರೆ ಇವನ್ನು ಉಳಿಸಲು ಅವನ್ನು ಕೊಲ್ಲಬೇಕೇ ಸರ್?"

ಗಂಟೆ ಹೊಡೆಯಿತು. ನಾನು ಉತ್ತರ ಕೊಟ್ಟಿಲ್ಲ.

ಎರೆಹೊಲ (ಜೇವರ್ಗಿ)
ಜುಲೈ 8, ರಾತ್ರಿ 9.15

ಗುರುಗಳೇ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ನನ್ನ ಹೊಲದ್ದೇ ಪ್ರಶ್ನೆ. ಕಾಯಿಕೊರಕ ಬಿದ್ದ ವರ್ಷ ಎಣ್ಣೆ ಹೊಡೆದು, ಪಂಪನ್ನು ಬದುವಿನ ಪಕ್ಕದ ಹಳ್ಳದಲ್ಲಿ ತೊಳೆದಿದ್ದೆ. ಮರುದಿನ ಬೆಳಿಗ್ಗೆ ಹೋದರೆ ಬೆರಳುದ್ದದ ಮೀನುಗಳು ಹೊಟ್ಟೆ ಮೇಲಾಗಿ ಬಿದ್ದಿದ್ದವು, ಕೊಕ್ಕರೆಗಳು ಸುತ್ತ ನಿಂತಿದ್ದವು. ಆ ಕೊಕ್ಕರೆಗಳನ್ನು ಓಡಿಸುತ್ತಾ ಮಧ್ಯಾಹ್ನದವರೆಗೆ ಅಲ್ಲೇ ಕುಳಿತಿದ್ದೆ. ಅಂದಿನಿಂದ ಹಳ್ಳದಲ್ಲಿ ಪಂಪು ತೊಳೆದಿಲ್ಲ. ಕಂಪನಿಯವರು ಇದನ್ನೆಲ್ಲ ಪರೀಕ್ಷಿಸಿಯೇ ಡಬ್ಬಿಗೆ ತುಂಬುತ್ತಾರೆ ಎಂದು ನಂಬಿದ್ದೆ. ಪರೀಕ್ಷೆ ಎಂದರೆ ಏನು ಮಾಡುತ್ತಾರೆ, ಯಾರಾದರೂ ಬಿಡಿಸಿ ಹೇಳಿ.

ಗಾಜಿನ ತೊಟ್ಟಿ (ಭಾಲ್ಕಿಯವಳು, ಈಗ ಹೈದರಾಬಾದಿನಲ್ಲಿ)
ಜುಲೈ 8, ರಾತ್ರಿ 11.05

ನಾನು ಇಂಥ ಪರೀಕ್ಷೆಗಳನ್ನು ಮಾಡುವ ಪ್ರಯೋಗಾಲಯದಲ್ಲಿ ಆರು ವರ್ಷಗಳಿಂದ ಇದ್ದೇನೆ. ಕಂಡದ್ದನ್ನು ಹೇಳುತ್ತೇನೆ.

ಅಣ್ಣಾ, ನಿಮ್ಮ ಹಳ್ಳದಲ್ಲಿ ಆದದ್ದು ನೇರ ವಿಷ. ಅದು ಕಣ್ಣಿಗೆ ಕಾಣುತ್ತದೆ. ಹಾರ್ಮೋನು ಕೆಡಿಸುವ ರಾಸಾಯನಿಕ ಹಾಗಲ್ಲ. ಮೀನು ಸಾಯುವುದಿಲ್ಲ, ಈಜುತ್ತದೆ, ತಿನ್ನುತ್ತದೆ, ಆದರೆ ಮೊಟ್ಟೆ ಇಡುವುದಿಲ್ಲ. ಗಂಡು ಮೀನಿನ ಯಕೃತ್ತು ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನನ್ನು ತಯಾರಿಸತೊಡಗುತ್ತದೆ. ಗೊದಮೊಟ್ಟೆ ಗೊದಮೊಟ್ಟೆಯಾಗಿಯೇ ಉಳಿಯುತ್ತದೆ, ಅಷ್ಟರಲ್ಲಿ ತಗ್ಗು ಒಣಗುತ್ತದೆ.

ಕೆನಡಾದಲ್ಲಿ ಒಂದು ಇಡೀ ಸರೋವರಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯಲ್ಲಿರುವ ಹಾರ್ಮೋನನ್ನು ಬೆರೆಸಿ ನೋಡಿದರು. ಲೀಟರಿಗೆ 5-6 ನ್ಯಾನೋಗ್ರಾಂ ಅಷ್ಟೇ. ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು ಒಂದು ನ್ಯಾನೋಗ್ರಾಂ. ಅಷ್ಟಕ್ಕೇ ಅಲ್ಲಿನ ಒಂದು ಜಾತಿಯ ಚಿಕ್ಕ ಮೀನಿನ ಸಂತತಿ ಇಲ್ಲವಾಗುವ ಹಂತಕ್ಕೆ ಬಂತು. ಬೆರೆಸುವುದನ್ನು ನಿಲ್ಲಿಸಿ ಕೆಲವು ವರ್ಷ ಕಳೆದ ಮೇಲೆ ಚೇತರಿಸಿಕೊಂಡಿತು.

ಈಗ ಪರೀಕ್ಷೆಯ ವಿಷಯ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆ ಒಂದೊಂದು ಪರೀಕ್ಷೆಗೂ ನಿಯಮಾವಳಿ ಬರೆದಿದೆ. ಗೊದಮೊಟ್ಟೆಯದು 231ನೆಯ ಸಂಖ್ಯೆಯದು. ಆಫ್ರಿಕಾದ ಉಗುರುಗಪ್ಪೆಯ ಮರಿಗಳು, ಒಂದು ತೊಟ್ಟಿಗೆ 20. ರಾಸಾಯನಿಕದ ಮೂರು ಪ್ರಮಾಣಗಳು, ಜೊತೆಗೆ ಏನೂ ಬೆರೆಸದ ನೀರು. ಪ್ರತಿಯೊಂದಕ್ಕೂ ನಾಲ್ಕು ತೊಟ್ಟಿ. ಒಟ್ಟು 320 ಮರಿಗಳು, 21 ದಿನ. ಏಳನೆಯ ದಿನ ಪ್ರತಿ ತೊಟ್ಟಿಯಿಂದ ಕೆಲವನ್ನು ತೆಗೆದು ಹಿಂಗಾಲು ಅಳೆಯುತ್ತೇವೆ. ಕೊನೆಯ ದಿನ ಉಳಿದವನ್ನು ಅರಿವಳಿಕೆಯ ನೀರಿಗೆ ಹಾಕಿ ಕೊಂದು, ಥೈರಾಯ್ಡ್ ಗ್ರಂಥಿಯನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಇಲ್ಲಿ ಅನುಮಾನ ಬಂದರೆ ಮುಂದಿನದು 241ನೆಯದು. ಅದು ಸುಮಾರು ನಾಲ್ಕು ತಿಂಗಳು ನಡೆಯುತ್ತದೆ, 480 ಮರಿಗಳಿಂದ ಶುರುವಾಗುತ್ತದೆ.

ಒಂದೇ ಒಂದು ರಾಸಾಯನಿಕಕ್ಕೆ ಇಷ್ಟು. ನಾನು ಎಣಿಸಿದ್ದೇನೆ, ಕೈಯಾರೆ.

ಜೀವಪರ (ಕಲಬುರಗಿ)
ಜುಲೈ 9, ಬೆಳಿಗ್ಗೆ 6.50

ಓದಿ ಹೊಟ್ಟೆ ತೊಳಸಿತು. 320 ಮರಿಗಳು! ಅದೂ ನಮ್ಮ ಲಾಭಕ್ಕೆ ನಾವೇ ತಯಾರಿಸಿದ ವಿಷಕ್ಕಾಗಿ. ವಿಷವನ್ನು ತಯಾರಿಸದಿದ್ದರೆ ಪರೀಕ್ಷೆಯೂ ಬೇಡ, ಸಾವೂ ಬೇಡ. ಕಾಲೇಜುಗಳಲ್ಲಿ ಕಪ್ಪೆ ಕೊಯ್ಯುವುದನ್ನು ನಿಲ್ಲಿಸಲಿಲ್ಲವೇ? ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ನಮ್ಮ ದೇಶ 2014ರಲ್ಲಿ ನಿಷೇಧಿಸಲಿಲ್ಲವೇ? ಇದನ್ನೂ ಹಾಗೆಯೇ ನಿಲ್ಲಿಸಬೇಕು. ಅಕ್ಕಾ, ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಆದರೆ ನೀವು ಆ ಕೆಲಸವನ್ನು ಹೇಗೆ ಮಾಡುತ್ತೀರಿ?

ನಿವೃತ್ತ ಕೃಷಿ ಅಧಿಕಾರಿ (ಬೀದರ್)
ಜುಲೈ 9, ಬೆಳಿಗ್ಗೆ 9.30

ಕಾಲೇಜಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಕಾಲದಲ್ಲಿ ಮೇಣದ ತಟ್ಟೆಯ ಮೇಲೆ ಕಪ್ಪೆಯ ನಾಲ್ಕು ಕಾಲಿಗೂ ಗುಂಡುಸೂಜಿ ಚುಚ್ಚಿ ಕೊಯ್ಯುತ್ತಿದ್ದೆವು. ನನ್ನ ಕಪ್ಪೆಯ ಗುಂಡಿಗೆ ಇನ್ನೂ ಬಡಿಯುತ್ತಿತ್ತು. ಪರೀಕ್ಷೆಗೆ ಹತ್ತು ಅಂಕ. 2014ರಲ್ಲಿ ಯುಜಿಸಿ ಅದನ್ನು ನಿಲ್ಲಿಸಲು ಸೂಚಿಸಿದಾಗ ನನಗೆ ಸಮಾಧಾನವಾಯಿತು. ಏಕೆಂದರೆ ಅಲ್ಲಿ ಉತ್ತರ ಮೊದಲೇ ಗೊತ್ತಿತ್ತು, ಪುಸ್ತಕದಲ್ಲೇ ಇತ್ತು. ಇಲ್ಲಿ ಉತ್ತರ ಗೊತ್ತಿಲ್ಲ. ಆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಎರೆಹೊಲದ ತಮ್ಮನಿಗೆ ಒಂದು ಮಾತು. ಡಬ್ಬಿಯ ಮೇಲಿನ ಚೌಕದ ಕೆಳಭಾಗದಲ್ಲಿ ಒಂದು ಬಣ್ಣದ ತ್ರಿಕೋನ ಇರುತ್ತದೆಯಲ್ಲ: ಕೆಂಪು, ಹಳದಿ, ನೀಲಿ, ಹಸಿರು. ಮೂವತ್ತು ವರ್ಷ ರೈತರಿಗೆ ಅದನ್ನೇ ತೋರಿಸಿ "ಹಸಿರು ಇದ್ದರೆ ಭಯ ಕಡಿಮೆ" ಎಂದು ಹೇಳಿದವನು ನಾನು. ಆ ಬಣ್ಣ ನಿರ್ಧಾರವಾಗುವುದು ಎಷ್ಟು ಕೊಟ್ಟರೆ ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧ ಸಾಯುತ್ತವೆ ಎಂಬ ಲೆಕ್ಕದಿಂದ. ಹೊಟ್ಟೆಗೆ ಹೋದಾಗ ಕಿಲೋ ತೂಕಕ್ಕೆ 50 ಮಿಲಿಗ್ರಾಂವರೆಗೆ ಕೆಂಪು, 5000 ದಾಟಿದರೆ ಹಸಿರು. ಹಾರ್ಮೋನಿನ ಬಗ್ಗೆ ಆ ತ್ರಿಕೋನ ಒಂದಕ್ಷರವೂ ಹೇಳುವುದಿಲ್ಲ.

ಮ್ಯಾಂಕೋಜೆಬನ್ನೇ ನೋಡಿ. ಮೆಣಸಿನಕಾಯಿಗೆ, ಶೇಂಗಾಕ್ಕೆ ಎಲ್ಲರೂ ಹೊಡೆಯುವ ಶಿಲೀಂಧ್ರನಾಶಕ. ಇಲಿಯ ಲೆಕ್ಕದಲ್ಲಿ ಅದು 5000ದ ಆಚೆ. ಆದರೆ ಅದು ಒಡೆದು ಆಗುವ ಇಟಿಯು ಎಂಬ ವಸ್ತು ಥೈರಾಯ್ಡ್ ಹಾರ್ಮೋನು ತಯಾರಾಗುವುದನ್ನೇ ತಡೆಯುತ್ತದೆ. ಹಾರ್ಮೋನು ಕೆಡಿಸುವ ಗುಣವನ್ನೂ ಒಂದು ಕಾರಣವಾಗಿ ಹೇಳಿ ಐರೋಪ್ಯ ಒಕ್ಕೂಟ 2020ರ ಡಿಸೆಂಬರಿನಲ್ಲಿ ಅದರ ಅನುಮತಿಯನ್ನು ನವೀಕರಿಸಲು ನಿರಾಕರಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಿಸಲು ಯೋಚಿಸಿ ಹೊರಡಿಸಿದ 27 ಕೀಟನಾಶಕಗಳ ಕರಡು ಪಟ್ಟಿಯಲ್ಲಿ ಮ್ಯಾಂಕೋಜೆಬ್ ಕೂಡ ಇತ್ತು. ಅದು ಈಗಲೂ ಅಂಗಡಿಯಲ್ಲಿ ಸಿಗುತ್ತದೆ. ನಾನು ಎಷ್ಟು ರೈತರಿಗೆ ಅದನ್ನು ಬರೆದುಕೊಟ್ಟಿದ್ದೇನೆ ಎಂದು ನೆನೆದರೆ ಮನಸ್ಸಿಗೆ ಕಷ್ಟವಾಗುತ್ತದೆ.

ಗಾಜಿನ ತೊಟ್ಟಿ
ಜುಲೈ 9, ರಾತ್ರಿ 10.20

ಜೀವಪರ ಅವರೇ, ನೀವು ಕೇಳಿದ್ದರಲ್ಲಿ ನೋವೇನೂ ಇಲ್ಲ. ಮೊದಲ ವರ್ಷ ನಾನೂ ಅತ್ತಿದ್ದೇನೆ. ಈಗ ಅಳುವುದಿಲ್ಲ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಅಮ್ಮ ಕೇಳುತ್ತಿರುತ್ತಾಳೆ.

ಆದರೆ ಕೆಲಸದ ರೀತಿಯೇ ಬದಲಾಗುತ್ತಿದೆ. ಅದನ್ನು ಹೇಳಲೇಬೇಕು. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಒಂದು ಸೂತ್ರ ಕೊಟ್ಟರು: ಪ್ರಾಣಿಯ ಬದಲು ಬೇರೆಯದನ್ನು ಬಳಸು, ಆಗದಿದ್ದರೆ ಕಡಿಮೆ ಬಳಸು, ಬಳಸಲೇಬೇಕಾದರೆ ನೋವು ಕಡಿಮೆ ಮಾಡು.

ಬದಲು ಬಳಸುವುದೆಂದರೆ ಹೇಗೆ? ಬೀದರಿನ ನಾನ್ ಹಿಟ್ಟು ಉಬ್ಬುವುದು ಯೀಸ್ಟಿನಿಂದ. ಅದೇ ಯೀಸ್ಟಿಗೆ ಮನುಷ್ಯನ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಗ್ರಾಹಕದ ಜೀನನ್ನು ಸೇರಿಸಿದ್ದಾರೆ. ಗ್ರಾಹಕವೆಂದರೆ ಬೀಗ, ಹಾರ್ಮೋನು ಕೀಲಿಕೈ. ನೀರಿನ ಮಾದರಿಯಲ್ಲಿ ಆ ಬೀಗ ತೆರೆಯುವ ವಸ್ತು ಇದ್ದರೆ ಗುಳಿಯಲ್ಲಿನ ಹಳದಿ ದ್ರವ ಕೆಂಪಾಗುತ್ತದೆ. ಅಂಗೈಯಗಲದ ತಟ್ಟೆಯಲ್ಲಿ 96 ಗುಳಿಗಳು, ಒಂದು ಪ್ರಾಣಿಯೂ ಇಲ್ಲ. ಮೊದಲ ಸಲ ಆ ಬಣ್ಣ ತಿರುಗುವುದನ್ನು ನೋಡಿದ ದಿನ ಊಟ ಮರೆತಿದ್ದೆ.

ಇನ್ನು ಭ್ರೂಣಗಳು. 2019ರಲ್ಲಿ ಬಂದ 248ನೆಯ ಪರೀಕ್ಷೆಯಲ್ಲಿ ಅದೇ ಉಗುರುಗಪ್ಪೆ, ಆದರೆ ಇನ್ನೂ ತಿನ್ನಲು ಶುರು ಮಾಡದ ಎಳೆಯ ಮರಿ. ಥೈರಾಯ್ಡ್ ಹಾರ್ಮೋನು ಕೆಲಸ ಮಾಡಿದರೆ ಮೈಯಲ್ಲಿ ಹಸಿರು ಬೆಳಕು ಬರುವ ಹಾಗೆ ಅದರ ಜೀನನ್ನು ಮಾರ್ಪಡಿಸಿರುತ್ತಾರೆ. ರಾಸಾಯನಿಕ ಸೇರಿಸಿದಾಗ ಬೆಳಕು ಹೆಚ್ಚಿದರೆ ವೇಷಧಾರಿ; ಹಾರ್ಮೋನಿನ ಜೊತೆ ಸೇರಿಸಿದಾಗ ಬೆಳಕು ಕುಗ್ಗಿದರೆ ಅಡ್ಡಗಾರ. 21 ದಿನಗಳ ಕೆಲಸಕ್ಕೆ ಬದಲಾಗಿ 72 ಗಂಟೆ. 2022ರ 251ನೆಯದು ಇನ್ನೂ ಸೊಗಸು. ಸ್ಟಿಕಲ್‌ಬ್ಯಾಕ್ ಎಂಬ ಮೀನಿನ ಗಂಡು ಗೂಡು ಕಟ್ಟಲು ಮೂತ್ರಪಿಂಡದಲ್ಲಿ ಒಂದು ಅಂಟು ತಯಾರಿಸುತ್ತದೆ. ಗಂಡು ಹಾರ್ಮೋನು ಇದ್ದರೆ ಮಾತ್ರ. ಆ ಅಂಟಿನ ಜೀನಿನ ಸ್ವಿಚ್ಚನ್ನು ಮೆಡಾಕ ಮೀನಿನ ಮರಿಗೆ ಜೋಡಿಸಿ, ಅಂಟಿನ ಬದಲು ಬೆಳಕು ಬರುವಂತೆ ಮಾಡಿದ್ದಾರೆ.

ಜೀವಪರ
ಜುಲೈ 9, ರಾತ್ರಿ 10.45

ಭ್ರೂಣ ಜೀವವಲ್ಲವೇ?

ಗಾಜಿನ ತೊಟ್ಟಿ
ಜುಲೈ 9, ರಾತ್ರಿ 11.00

ಜೀವವೇ. ಐರೋಪ್ಯ ಒಕ್ಕೂಟದ 2010ರ ಕಾನೂನು ತಾನಾಗಿ ತಿನ್ನತೊಡಗಿದ ಮರಿಯಿಂದ ಮುಂದೆ ರಕ್ಷಣೆ ಕೊಡುತ್ತದೆ. ಪಟ್ಟೆ ಮೀನಿಗೆ, ಅಂದರೆ ಜೀಬ್ರಾ ಮೀನಿಗೆ, ಆ ಗೆರೆಯನ್ನು ಮೊಟ್ಟೆ ಫಲಿತವಾದ ಐದನೆಯ ದಿನಕ್ಕೆ ಎಳೆದಿದ್ದಾರೆ. ಆ ವಯಸ್ಸಿನಲ್ಲಿ ನೋವು ಅನುಭವಿಸುವ ಶಕ್ತಿ ಅಷ್ಟಾಗಿ ಬೆಳೆದಿರುವುದಿಲ್ಲ ಎಂಬುದು ಅದರ ಹಿಂದಿನ ವಾದ. ಅದು ಮನುಷ್ಯರು ಎಳೆದ ಗೆರೆ, ನಿಸರ್ಗದ್ದಲ್ಲ. ನನ್ನ ಕೈಗೆ ಮೂರು ದಿನದ ಭ್ರೂಣ ಮತ್ತು ಕಾಲು ಮೂಡಿದ ಮರಿ ಎರಡನ್ನೂ ಕೊಟ್ಟರೆ ನಾನು ಭ್ರೂಣವನ್ನು ಆರಿಸಿಕೊಳ್ಳುತ್ತೇನೆ. ಹಗುರ ಮನಸ್ಸಿನಿಂದ ಅಲ್ಲ.

ಬೋನಾಳ ಕೆರೆ (ಸುರಪುರ, ಯಾದಗಿರಿ ಜಿಲ್ಲೆ)
ಜುಲೈ 10, ಮಧ್ಯಾಹ್ನ 1.10

ಬೋನಾಳ ಪಕ್ಷಿಧಾಮಕ್ಕೆ ವಾರಕ್ಕೊಮ್ಮೆ ದುರ್ಬೀನು ಹಿಡಿದು ಹೋಗುವವನು ನಾನು. ಪರೀಕ್ಷೆಯನ್ನೇ ನಿಲ್ಲಿಸಬೇಕು ಎಂಬ ಮಾತಿಗೆ ರಣಹದ್ದುಗಳ ಪರವಾಗಿ ಉತ್ತರ ಕೊಡಬೇಕಾಗಿದೆ.

ಡೈಕ್ಲೋಫೆನಾಕ್ ಹಾರ್ಮೋನು ಕೆಡಿಸುವ ವಸ್ತುವಲ್ಲ, ಮೂತ್ರಪಿಂಡ ಕೆಡಿಸುವ ನೋವಿನ ಔಷಧ. ದನಕ್ಕೆ ಅದು ಒಳ್ಳೆಯದೇ ಆಗಿತ್ತು. ಸತ್ತ ದನವನ್ನು ತಿನ್ನುವವರು ಯಾರು ಎಂದು ಯಾರೂ ಕೇಳಲಿಲ್ಲ. ಹತ್ತು ಹದಿನೈದು ವರ್ಷಗಳಲ್ಲಿ ದೇಶದ ರಣಹದ್ದುಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೋದವು. ಕಾರಣ ಗೊತ್ತಾದದ್ದು 2004ರಲ್ಲಿ, ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿದ್ದು 2006ರಲ್ಲಿ. ಬದಲಿಗೆ ಮೆಲಾಕ್ಸಿಕಾಂ ಕೊಡಬಹುದು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಹೇಗೆ? ಮೊದಲು ಆಫ್ರಿಕಾದ ರಣಹದ್ದುಗಳಿಗೆ, ಸಣ್ಣ ಪ್ರಮಾಣದಿಂದ ಶುರು ಮಾಡಿ, ಕೊಟ್ಟು ನೋಡಿದ್ದರಿಂದ. ಆ ಹಕ್ಕಿಗಳು ಸಾಯಲಿಲ್ಲ. ಅಳಿವಿನಂಚಿನ ಹಕ್ಕಿಗೆ ಔಷಧ ಕೊಟ್ಟು ಕಾಯುವವನ ಆ ರಾತ್ರಿ ಹೇಗಿದ್ದೀತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ.

ಪರೀಕ್ಷೆ ಮಾಡದಿದ್ದರೂ ಪ್ರಯೋಗ ನಡೆದೇ ನಡೆಯುತ್ತದೆ. ತೊಟ್ಟಿಯ ಬದಲು ಊರ ಹೊರಗಿನ ಬಯಲಿನಲ್ಲಿ ನಡೆಯುತ್ತದೆ, ಲೆಕ್ಕ ಇಡುವವರು ಇರುವುದಿಲ್ಲ ಅಷ್ಟೇ.

ಜೀವಪರ
ಜುಲೈ 10, ಮಧ್ಯಾಹ್ನ 2.30

ರಣಹದ್ದಿನ ವಿಷಯ ಒಪ್ಪುತ್ತೇನೆ. ಅಲ್ಲಿ ಅಪಾಯ ಗೊತ್ತಾದ ಮೇಲೆ ದಾರಿ ಹುಡುಕಿದರು. ಆದರೆ ಪ್ರತಿ ಹೊಸ ರಾಸಾಯನಿಕಕ್ಕೂ 320, 480 ಎಂಬುದನ್ನು ಒಪ್ಪಲಾರೆ. ಯೀಸ್ಟಿನಲ್ಲೇ ಕೆಂಪು ಬಂದರೆ ಅಲ್ಲಿಗೇ ಆ ರಾಸಾಯನಿಕವನ್ನು ನಿಲ್ಲಿಸಿಬಿಡಲಿ. ಮುಂದಿನ ಮರಿಗಳು ಏಕೆ ಸಾಯಬೇಕು?

ಗಾಜಿನ ತೊಟ್ಟಿ
ಜುಲೈ 10, ರಾತ್ರಿ 9.50

ಇದೇ ನಮ್ಮಲ್ಲಿಯೂ ದಿನವೂ ನಡೆಯುವ ಜಗಳ.

2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಬಂದ ವ್ಯಾಖ್ಯೆಯ ಪ್ರಕಾರ, ಒಂದು ವಸ್ತುವನ್ನು ಹಾರ್ಮೋನು ಕೆಡಿಸುವುದು ಎನ್ನಬೇಕಾದರೆ ಅದು ಹಾರ್ಮೋನಿನ ಕೆಲಸವನ್ನು ಬದಲಿಸಿದರೆ ಸಾಲದು; ಆ ಬದಲಾವಣೆಯಿಂದ ಇಡೀ ಜೀವಿಗೆ, ಅಥವಾ ಅದರ ಸಂತತಿಗೆ, ಕೇಡಾಗಬೇಕು. ಯೀಸ್ಟು ಇಡೀ ಜೀವಿಯಲ್ಲ. ಹಾಗಾಗಿ ಕಂಪನಿ "ಕೆಂಪು ಬಂದರೆ ಏನಾಯಿತು, ಮೀನಿಗೆ ಏನೂ ಆಗಿಲ್ಲ" ಎಂದು ವಾದಿಸುತ್ತದೆ, ಅದನ್ನು ತೋರಿಸಲು ಮತ್ತೆ ಮೀನು. ಉಲ್ಟಾ ಅಪಾಯವೂ ಇದೆ. ಮೆಥಾಕ್ಸಿಕ್ಲೋರ್ ಎಂಬ ಹಳೆಯ ಕೀಟನಾಶಕ ಬೀಗವನ್ನು ತೆರೆಯುವುದು ಯಕೃತ್ತಿನಲ್ಲಿ ರೂಪ ಬದಲಿಸಿದ ಮೇಲೆಯೇ ಹೆಚ್ಚು. ಯೀಸ್ಟಿಗೆ ಯಕೃತ್ತು ಎಲ್ಲಿದೆ? ಕಾಕಾ ಹೇಳಿದ ಮ್ಯಾಂಕೋಜೆಬ್ ಕೂಡ ಒಡೆದ ಮೇಲೆಯೇ ಥೈರಾಯ್ಡಿಗೆ ಕೈ ಹಾಕುವುದು.

ಆದರೂ ನಿಮ್ಮ ಮಾತಿನಲ್ಲಿ ಸತ್ಯವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೊದಲ ಹಂತಕ್ಕೆಂದೇ 11 ಪರೀಕ್ಷೆಗಳನ್ನು ಗೊತ್ತುಮಾಡಿತ್ತು. ಈಸ್ಟ್ರೋಜನ್ನಿನ ವಿಷಯದಲ್ಲಿ 18 ಜೀವಕೋಶ ಪರೀಕ್ಷೆಗಳ ಫಲಿತಾಂಶವನ್ನು ಕಂಪ್ಯೂಟರಿನಲ್ಲಿ ಕೂಡಿಸಿ ನೋಡಿದರೆ ಆ 11ರಲ್ಲಿ ಮೂರನ್ನು ಬಿಡಬಹುದು ಎಂದು 2015ರಲ್ಲಿ ಒಪ್ಪಿಕೊಂಡಿತು. ಬಿಟ್ಟ ಮೂರರಲ್ಲಿ ಒಂದು ಹೆಣ್ಣು ಇಲಿಯ ಗರ್ಭಕೋಶವನ್ನು ತೂಗುವ ಪರೀಕ್ಷೆ. ಥೈರಾಯ್ಡಿಗೆ ಅಂಥ ಧೈರ್ಯ ಇನ್ನೂ ಬಂದಿಲ್ಲ, ಅದರ ದಾರಿಗಳು ಹೆಚ್ಚು: ಅಯೋಡಿನ್ ಒಳಗೆ ಹೋಗುವುದು, ಹಾರ್ಮೋನು ತಯಾರಾಗುವುದು, ರಕ್ತದಲ್ಲಿ ಸಾಗುವುದು, ಕೊನೆಗೆ ಒಡೆಯುವುದು. ಎಲ್ಲಿ ಬೇಕಾದರೂ ಅಡ್ಡ ಬೀಳಬಹುದು.

ನನಗೆ ಸಿಟ್ಟು ಬರುವುದು ಮಾಡಿದ್ದನ್ನೇ ಮತ್ತೆ ಮಾಡುವಾಗ. ಒಂದು ದೇಶದಲ್ಲಿ ಸರಿಯಾಗಿ ಮಾಡಿದ ಪರೀಕ್ಷೆಯನ್ನು ಇನ್ನೊಂದು ದೇಶ ಒಪ್ಪಿಕೊಳ್ಳಬೇಕು ಎಂಬ ಒಪ್ಪಂದಕ್ಕೆ 2011ರಲ್ಲಿ ಭಾರತವೂ ಪೂರ್ಣವಾಗಿ ಸೇರಿದೆ. ಒಂದು ವರದಿ ಹಂಚಿಕೊಂಡರೆ 320 ಮರಿಗಳು ಉಳಿಯುತ್ತವೆ. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಅಷ್ಟು ಮರಿಗಳು ಮತ್ತೆ ತೊಟ್ಟಿಗೆ ಬರುತ್ತವೆ. ಹೊಸ ವಿಧಾನ ಬರುವವರೆಗೆ ಕಾಯಬೇಕಾಗಿಲ್ಲ, ಇದನ್ನು ಇಂದೇ ಮಾಡಬಹುದು.

ಎರೆಹೊಲ
ಜುಲೈ 11, ಬೆಳಿಗ್ಗೆ 7.20

ಅಕ್ಕಾ, ಆಫ್ರಿಕಾದ ಕಪ್ಪೆ ನಮ್ಮ ಎರೆ ಮಣ್ಣಿನ ಕಪ್ಪೆಯ ಬಗ್ಗೆ ಹೇಗೆ ಹೇಳುತ್ತದೆ? ನಮ್ಮಲ್ಲಿ ಮೊದಲ ಮಳೆಗೆ ಅರಿಸಿನ ಬಳಿದಂತೆ ಹಳದಿಯಾಗಿ ಎದ್ದು ಬಂದು ರಾತ್ರಿಯಿಡೀ ಕೂಗುವ ದೊಡ್ಡ ಕಪ್ಪೆ ಇದೆಯಲ್ಲ, ಅದನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ಇನ್ನೊಂದು ಮಾತು. ಕಾಯಿಕೊರಕಕ್ಕೆ ಎಣ್ಣೆ ಹೊಡೆಯುವುದು ಹೂವು ಕಾಯಿಯ ಕಾಲಕ್ಕೆ, ಮಳೆ ಮುಗಿದ ಮೇಲೆ. ಆಗ ಕಪ್ಪೆಮರಿಗಳು ಎಲ್ಲಿರುತ್ತವೆ? ಆದರೆ ಬಿತ್ತಿದ ಎರಡು ದಿನದೊಳಗೆ ಕಳೆನಾಶಕ ಹೊಡೆಯುತ್ತೇವೆ. ಮೊಟ್ಟೆ ತಗ್ಗಿಗೆ ಬೀಳುವುದೂ ಅದೇ ವಾರ.

ಗಾಜಿನ ತೊಟ್ಟಿ
ಜುಲೈ 11, ರಾತ್ರಿ 9.00

ಅಣ್ಣಾ, ನೀವು ಹೇಳಿದ ವಾರದ ಲೆಕ್ಕವನ್ನು ನಮ್ಮ ಪ್ರಯೋಗಾಲಯದಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ಬರೆದಿಟ್ಟುಕೊಂಡಿದ್ದೇನೆ.

ಥೈರಾಯ್ಡ್ ಹಾರ್ಮೋನು ಮೀನಿಗೆ, ಕಪ್ಪೆಗೆ, ನಮಗೆ ಎಲ್ಲರಿಗೂ ಒಂದೇ ಅಣು. ಅದರ ಬೀಗವೂ ಬಹಳ ಮಟ್ಟಿಗೆ ಒಂದೇ. ಈಗ ಬೇರೆ ಬೇರೆ ಜೀವಿಗಳ ಬೀಗದ ಪ್ರೋಟೀನುಗಳನ್ನು ಕಂಪ್ಯೂಟರಿನಲ್ಲಿ ಅಕ್ಷರಕ್ಕೆ ಅಕ್ಷರ ಹೋಲಿಸಿ, ಒಂದರ ಫಲಿತಾಂಶ ಇನ್ನೊಂದಕ್ಕೆ ಎಷ್ಟು ಸಲ್ಲುತ್ತದೆ ಎಂದು ಅಂದಾಜು ಮಾಡುತ್ತಾರೆ. ಹಾಗಾಗಿ ಪ್ರತಿ ಜಾತಿಯನ್ನೂ ಕೊಲ್ಲಬೇಕಾಗಿಲ್ಲ. ಆದರೆ ನಮ್ಮ ತೊಟ್ಟಿಯ ನೀರು 22 ಡಿಗ್ರಿ. ಜೇವರ್ಗಿಯ ತಗ್ಗಿನ ನೀರು ಜೂನಿನ ಮಧ್ಯಾಹ್ನ ಎಷ್ಟಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬಿಸಿ ನೀರಿನಲ್ಲಿ ಮರಿ ಬೇಗ ಬೆಳೆಯುತ್ತದೆ, ತಗ್ಗೂ ಬೇಗ ಒಣಗುತ್ತದೆ. ಎರಡು ದಿನ ತಡವಾದರೆ ತೊಟ್ಟಿಯಲ್ಲಿ ಅದು ಒಂದು ಅಂಕಿ, ತಗ್ಗಿನಲ್ಲಿ ಸಾವು.

ನಿವೃತ್ತ ಕೃಷಿ ಅಧಿಕಾರಿ
ಜುಲೈ 12, ಬೆಳಿಗ್ಗೆ 8.15

ತಂಗಿ ಹೇಳಿದ್ದು ಕೇಳಿ ಒಂದು ಯೋಚನೆ ಬಂತು. ಕೊಲ್ಲದೆ ಮಾಡಬಹುದಾದ ಕೆಲಸ ನಮ್ಮ ಕೈಯಲ್ಲೇ ಇದೆ. ಬಿತ್ತನೆಯ ದಿನ, ಏನು ಹೊಡೆದಿರಿ, ಎಷ್ಟು ಹೊಡೆದಿರಿ, ಕಪ್ಪೆ ಮೊದಲು ಕೂಗಿದ ರಾತ್ರಿ, ತಗ್ಗು ಒಣಗಿದ ದಿನ. ಐದು ಸಾಲು ಬರೆದರೆ ಸಾಕು. ಕೂಗನ್ನು ಮೊಬೈಲಿನಲ್ಲಿ ಎರಡು ನಿಮಿಷ ಧ್ವನಿಮುದ್ರಣ ಮಾಡಿಕೊಳ್ಳಿ. ಹಿಡಿಯುವುದು ಬೇಡ, ಮುಟ್ಟುವುದು ಬೇಡ. ಮುಂದಿನ ಬಿತ್ತನೆಗೆ ಭಾಲ್ಕಿ, ಹುಮನಾಬಾದ್ ಕಡೆಯ ಇಪ್ಪತ್ತು ರೈತರನ್ನು ನಾನು ಒಪ್ಪಿಸುತ್ತೇನೆ. ಪಂಪು ತೊಳೆಯಲು ಹೊಲದ ಎತ್ತರದ ಮೂಲೆಯಲ್ಲಿ, ಹಳ್ಳ ಬಾವಿಗಳಿಂದ ದೂರ ಒಂದು ಗುಂಡಿ ತೋಡಬೇಕು ಎಂಬುದನ್ನೂ ಅವರಿಗೆ ಹೇಳುತ್ತೇನೆ. ತ್ರಿಕೋನದ ಬಣ್ಣವನ್ನು ಮಾತ್ರ ಇನ್ನು ತೋರಿಸುವುದಿಲ್ಲ.

ಬೋನಾಳ ಕೆರೆ
ಜುಲೈ 12, ಬೆಳಿಗ್ಗೆ 10.00

ಸುರಪುರ, ಶಹಾಪುರದ ಕಾಲುವೆ ಬದಿಯ ಭತ್ತದ ಗದ್ದೆಗಳನ್ನು ನಾನು ನೋಡಿಕೊಳ್ಳುತ್ತೇನೆ.

ಕಾಗಿಣಾ ಮಾಸ್ತರ
ಜುಲೈ 17, ಸಂಜೆ 6.30

ಎಲ್ಲವನ್ನೂ ಮುದ್ರಿಸಿಕೊಂಡು ತರಗತಿಯಲ್ಲಿ ಓದಿದೆ. 320 ಎಂಬಲ್ಲಿಗೆ ಬಂದಾಗ ಮಕ್ಕಳು ಸುಮ್ಮನಾದರು, ಹೊಳೆಯುವ ಮರಿಯ ಕಥೆಗೆ ಮತ್ತೊಮ್ಮೆ ಓದಿ ಎಂದರು. ಹುಡುಗಿ ಎಲ್ಲ ಕೇಳಿಸಿಕೊಂಡು, "ಹಾಗಾದರೆ ಈಗ ಕೊಲ್ಲುತ್ತಾರೆ, ಆದರೆ ಕಡಿಮೆ ಮಾಡುತ್ತಿದ್ದಾರೆ" ಎಂದಳು. ಹೌದು ಎಂದೆ. "ಸಾಲದು" ಎಂದಳು. ಅದಕ್ಕೂ ಹೌದು ಎಂದೆ.

ಏಳರಲ್ಲಿ ಆರು ಮರಿಗಳು ಬಾಲ ಕಳೆದುಕೊಂಡು ಕಪ್ಪೆಗಳಾದವು, ತಗ್ಗಿನ ಅಂಚಿನ ಹುಲ್ಲಿನಲ್ಲಿ ಬಿಟ್ಟು ಬಂದೆವು. ಏಳನೆಯದಕ್ಕೆ ಇನ್ನೂ ಮುಂಗಾಲು ಬಂದಿಲ್ಲ. ನಮ್ಮ ತಗ್ಗಿಗೆ ಎಣ್ಣೆ ಸೇರಿದೆ ಎಂದು ಮಕ್ಕಳು ಹೆದರಿದ್ದಾರೆ. ಏನು ಹೇಳಲಿ?

ಗಾಜಿನ ತೊಟ್ಟಿ
ಜುಲೈ 17, ರಾತ್ರಿ 8.10

ಗುರುಗಳೇ, ಒಂದು ಬರಣಿಯ ಒಂದು ಮರಿ ತಡವಾದರೆ ಏನೂ ಹೇಳಲಾಗದು. ಶುದ್ಧ ನೀರಿನಲ್ಲಿಯೂ ಕೆಲವು ಹಿಂದೆ ಬೀಳುತ್ತವೆ. ತೊಟ್ಟಿಗೆ 20, ಅಂಥ ನಾಲ್ಕು ತೊಟ್ಟಿ ಎಂದು ಲೆಕ್ಕ ಹಾಕುವುದು ಇದಕ್ಕಾಗಿಯೇ. ಇದನ್ನು ಮಕ್ಕಳಿಗೆ ಹೇಳಿ. ಏನೂ ಬೆರೆಸದ ತೊಟ್ಟಿಯ ಹಳೆಯ ದಾಖಲೆಗಳನ್ನು ಎಲ್ಲರೂ ಒಂದೆಡೆ ಕೂಡಿಡಬೇಕು ಎಂದು ನಾವು ಒತ್ತಾಯಿಸುವುದೂ ಇದಕ್ಕೇ.

ಈಗ ನೀರನ್ನು ಎರಡು ಬೆರಳಿನಷ್ಟಕ್ಕೆ ಇಳಿಸಿ. ನಲ್ಲಿಯ ನೀರಾದರೆ ಒಂದು ದಿನ ತೆರೆದಿಟ್ಟು ಹಾಕಿ. ಓರೆಯಾದ ಒಂದು ಕಲ್ಲು ಇಡಿ, ಶಹಾಬಾದಿ ಕಲ್ಲಿನ ಚೂರೇ ಆದೀತು. ಮುಂಗಾಲು ಬಂದ ಮೇಲೆ ಅದು ಕೆಲವು ದಿನ ಏನೂ ತಿನ್ನುವುದಿಲ್ಲ, ಬಾಯಿ ಕರುಳು ಎಲ್ಲ ಹೊಸದಾಗಿ ಆಗುತ್ತಿರುತ್ತವೆ. ಆಗ ಮಕ್ಕಳು ಗಾಬರಿಯಾಗಿ ಸೊಪ್ಪು ಹಾಕಬಾರದು.

ಕಾಗಿಣಾ ಮಾಸ್ತರ
ಜುಲೈ 21, ಬೆಳಿಗ್ಗೆ 9.05

ಎಡ ಮುಂಗಾಲು ಬಂದಿದೆ. ಪ್ರಾರ್ಥನೆಗೆ ಮೊದಲೇ ಹುಡುಗಿ ಓಡಿ ಬಂದು ಹೇಳಿದಳು. ಕಲ್ಲು ಇಟ್ಟಿದ್ದೇವೆ.